ತೊಳೆದು ಬಂದ ಕಾಲುಗಳು

ಕಾಲು ತೊಳೆಸಿಕೊಳ್ಳಲು ಹೋಗುವವರು ಮನೆಯಲ್ಲೇ ಕಾಲು ತೊಳೆದುಕೊಂಡು ಹೋಗುತ್ತಾರೆ. ಶಹಾಬಾದಿನ ಆ ಕಲ್ಲಿನ ಚರ್ಚಿನಲ್ಲಿ ಇದು ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ರೂಢಿ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗಾಗಿ ಪವಿತ್ರ ಗುರುವಾರದ ಸಂಜೆ ಹನ್ನೆರಡು ಖುರ್ಚಿ ಹಾಕಿ, ಹನ್ನೆರಡು ಮಂದಿಯನ್ನು ಕೂಡಿಸಿ ಕಾಲು ತೊಳೆಯುತ್ತಾರಲ್ಲ, ಆ ಹನ್ನೆರಡು ಮಂದಿ ಮಧ್ಯಾಹ್ನದಿಂದಲೇ ಬಚ್ಚಲಲ್ಲಿ ಕೂತು ಹಿಮ್ಮಡಿ ಉಜ್ಜಲು ಶುರುಮಾಡುತ್ತಾರೆ. ಕಲ್ಲಿನಿಂದ ಉಜ್ಜಿ, ಸಾಬೂನು ಹಚ್ಚಿ, ಕೊಬ್ಬರಿ ಎಣ್ಣೆ ಸವರಿ, ದಾರಿಯ ಧೂಳು ತಾಗದಂತೆ ಆಟೋದಲ್ಲಿ ಬಂದು ಇಳಿಯುತ್ತಾರೆ. ತೊಳೆದಾದ ಮೇಲೂ ಬೋಗುಣಿಯ ನೀರು ಕುಡಿಯುವಷ್ಟು ತಿಳಿಯಾಗಿರುತ್ತದೆ.

ಆ ಗುರುವಾರ ಮುಂಜಾನೆ ದೇವಿಕಾ ಮಾತಾಡಿದ್ದು ಇದೇ ರೂಢಿಯ ಮೇಲೆ.

ದೇವಿಕಾ ಊರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ಕೊರೊನಾ ಕಾಲದಲ್ಲಿ ಚರ್ಚಿನ ಬಾಗಿಲು ಮುಚ್ಚಿದಾಗ ಸುರುವಾದ ಪರಿಪಾಠ ಅವಳದು. ದಿನಾ ನಸುಕಿನಲ್ಲಿ ಎದ್ದು, ಅಡುಗೆಮನೆಯ ಕಿಟಕಿ ಹಾಕಿಕೊಂಡು, ಯೇಸುಸ್ವಾಮಿಯ ಬೋಧನೆಯ ಒಂದು ಮಾತು ಹಿಡಿದು ಒಂದಿಷ್ಟು ಧ್ಯಾನ, ಕಡೆಗೊಂದು ಪ್ರಾರ್ಥನೆ. ಫೋನಿಗೆ ಹೇಳಿ ಗುಂಪುಗಳಿಗೆ ಕಳಿಸಿಬಿಡುವುದು. ಸೇಡಂನಲ್ಲಿ ರೊಟ್ಟಿ ಬಡಿಯುತ್ತ, ಚಿತ್ತಾಪುರದಲ್ಲಿ ಬಸ್ಸಿಗೆ ಕಾಯುತ್ತ, ವಾಡಿಯ ರೈಲ್ವೆ ಮನೆಗಳಲ್ಲಿ ಕೊಡ ತುಂಬುತ್ತ, ಚಿಂಚೋಳಿಯ ಆಚೆ ಚಿಮ್ಮನಚೋಡದಲ್ಲಿ ಎಮ್ಮೆಯ ಕೆಚ್ಚಲು ತೊಳೆಯುತ್ತ ಹೆಂಗಸರು ಆ ದನಿ ಕೇಳುತ್ತಿದ್ದರು. "ಪ್ರೀತಿಯ ಅಕ್ಕ-ತಂಗಿಯರೇ" ಎಂದು ಅದು ಸುರುವಾಗುತ್ತಿತ್ತು. ಮುಖ ನೋಡದವರೂ ಆ ದನಿಯನ್ನು ತಮ್ಮ ಮನೆಯದು ಎಂದುಕೊಂಡಿದ್ದರು.

ಗುರುವಾರದ ದನಿ ಹೀಗಿತ್ತು: "ಪ್ರೀತಿಯ ಅಕ್ಕ-ತಂಗಿಯರೇ, ಕಾಲು ತೊಳಸ್ಕೊಳ್ಳಾಕ ಹೋಗೋ ನಾವು ಕಾಲು ತೊಳಕೊಂಡೇ ಹೋಗ್ತೀವಿ. ಯಾಕ? ನಮ್ಮ ಹೊಲಸು ಸ್ವಾಮಿಗೆ ಕಾಣಬಾರದು ಅಂತ. ಆದ್ರ ಅವತ್ತು ಆ ಹನ್ನೆರಡು ಮಂದಿ ದಾರಿ ಧೂಳಿನ ಕಾಲಾಗೇ ಊಟಕ್ಕ ಕುಂತಿದ್ರು. ಸ್ವಾಮಿ ಮೂಗು ಮುಚ್ಚಿಕೊಳ್ಳಲಿಲ್ಲ. ತೊಳೆದ ಕಾಲಿಗೆ ತೊಳೆಯೋರು ಯಾಕ ಬೇಕು? ದುಡಿದ ಕಾಲು ದುಡಿದಂಗೇ ಬರ್ಲಿ. ಪ್ರಾರ್ಥನೆ ಮಾಡೋಣು. ಸ್ವಾಮೀ, ನಮ್ಮ ಮೂಗು ಸಣ್ಣದು ಮಾಡು, ಎದಿ ದೊಡ್ಡದು ಮಾಡು. ಆಮೆನ್."

ಕಳಿಸಿ ಫೋನನ್ನು ಕಟ್ಟೆಯ ಮೇಲಿಟ್ಟು ಚಹಾಕ್ಕೆ ನೀರಿಟ್ಟಳು. ಮೊದಲ ಉತ್ತರ ಯಾರದು ಎಂದು ಅವಳಿಗೆ ನೋಡದೆಯೇ ಗೊತ್ತು. ಪಾದ್ರಿಗಳು ಏಳುವ ಮೊದಲು, ಚಿಂಚೋಳಿಯ ಎಮ್ಮೆಗಳು ಏಳುವ ಮೊದಲು ಆ ಉತ್ತರ ಬರುತ್ತಿತ್ತು. ಕಸದ ಗಾಡಿಯ ಸದ್ದು, ನಾಯಿಯ ಬೊಗಳು, ಅದರ ನಡುವೆ ಒಂದು ಒರಟು ದನಿ: "ಆಮೆನ್, ತಂಗಿ."

ಅದು ಅವಳ ಒಡಹುಟ್ಟಿದ ಅಕ್ಕ ಚಂದಮ್ಮ.

ವಾಡಿ ಸ್ಟೇಷನ್ನಿನಲ್ಲಿ ಹಳಿಯ ಮೇಲಿನ ಹೊಲಸು ಗುಡಿಸುತ್ತಿದ್ದ ಅವ್ವ ಸತ್ತಾಗ ಅವ್ವನ ಕಸಬರಿಗೆ ಹಿಡಿದವಳು ಚಂದಮ್ಮ. ಪಾಟಿಚೀಲ ಹಿಡಿದವಳು ದೇವಿಕಾ. ಒಬ್ಬಳು ಗುಡಿಸಿದ್ದರಿಂದ ಇನ್ನೊಬ್ಬಳು ಓದಿದಳು. ಗಂಡ ತೀರಿದ ಮೇಲೆ ಚಂದಮ್ಮ ವಾಡಿ ಬಿಟ್ಟು ತಂಗಿ ಇರುವ ಶಹಾಬಾದಿಗೇ ಬಂದು, ಗುತ್ತೇದಾರನ ಕೈಕೆಳಗೆ ಊರಿನ ಚರಂಡಿಗಳಿಗೆ ಇಳಿದು ನಾಲಿ ಬಳಿಯುವ ಕೆಲಸಕ್ಕೆ ಸೇರಿಕೊಂಡಳು. ಬಂದ ಮೊದಲ ವಾರವೇ ದೇವಿಕಾ ಹೇಳಿದ್ದಳು: "ಅಕ್ಕಾ, ನಿಮ್ಮ ಓಣ್ಯಾಗೇ ಒಂದು ಸಣ್ಣ ಪ್ರಾರ್ಥನಾ ಮನಿ ಅದ. ದೊಡ್ಡ ಚರ್ಚು ನಿನಗ ಭಾಳ ದೂರ ಆಗ್ತದ." ಚಂದಮ್ಮ ತಂಗಿಯ ಮುಖ ನೋಡಿ, "ಹೌದು, ದೂರೇ ಆಗ್ತದ" ಎಂದಿದ್ದಳು. ನಡೆದರೆ ಒಂದು ಚಹಾ ಆರುವಷ್ಟು ದೂರ.

ಚರ್ಚಿನೊಳಗೆ ಜಾತಿ ಇಲ್ಲ ಎಂದು ದೊಡ್ಡ ಚರ್ಚಿನವರು ಎದೆ ತಟ್ಟಿ ಹೇಳುತ್ತಿದ್ದರು. ಸುಳ್ಳೇನಲ್ಲ. ಎಲ್ಲರ ಅಜ್ಜಂದಿರೂ ಒಂದೇ ತರಹದ ಕೇರಿಗಳಿಂದ ಎದ್ದು ಬಂದವರು. ಆ ಕೇರಿಯಿಂದ ಯಾರು ಎಷ್ಟು ದೂರ ನಡೆದು ಬಂದಿದ್ದಾರೆ ಎನ್ನುವುದೇ ಅಲ್ಲಿನ ಜಾತಿ. ಬ್ಯಾಂಕಿನವರು ಮುಂದಿನ ಬೆಂಚು, ಮಾಸ್ತರರು ಅದರ ಹಿಂದೆ, ಕಲ್ಲಿನ ಖಣಿಯವರು ಅದರ ಹಿಂದೆ. ಕಸಬರಿಗೆಯವರಿಗೆ ಅವರವರ ಓಣಿಯಲ್ಲೇ ಸಣ್ಣ ಪ್ರಾರ್ಥನಾ ಮನೆ. ಯಾರೂ ಯಾರಿಗೂ ಬರಬೇಡ ಅಂದಿರಲಿಲ್ಲ. ದೂರ ಆಗುತ್ತದೆ ಎಂದಿದ್ದರು, ಅಷ್ಟೇ.

ಆ ವರ್ಷ ಕಾಲು ತೊಳೆಯುವ ಸೇವೆಯನ್ನು ಮೊದಲ ಸಲ ಹೆಂಗಸರಿಗೆಂದು ಇಟ್ಟಿದ್ದರು. ತೊಳೆಯುವವಳು ದೇವಿಕಾ, ಅವಳ ದನಿಗೆ ಸಿಕ್ಕ ಮರ್ಯಾದೆ ಅದು. ಕಲಬುರಗಿಯಿಂದ ದೊಡ್ಡ ಪಾದ್ರಿಯವರ ಹೆಂಡತಿ ಅತಿಥಿಯಾಗಿ ಬರುವವರಿದ್ದರು. ಅವರಿಗೆ ವಾಸನೆ ಬರಬಾರದೆಂದು ಚರ್ಚಿನ ಮುಂದಿನ ನಾಲಿ ಬಳಿಸಲು ವಾರ್ಡಿನ ಮೆಂಬರಿಗೆ ಫೋನ್ ಮಾಡಿದವಳೂ ದೇವಿಕಾಳೇ. "ಗುರುವಾರ ಸಂಜಿ ಅನ್ನೋದ್ರಾಗ ಆಗಬೇಕ್ರಿ, ಮರೀಬ್ಯಾಡ್ರಿ" ಎಂದು ಎರಡೆರಡು ಸಲ ಹೇಳಿದ್ದಳು. ಆ ನಾಲಿಯೊಳಗೆ ಯಾರು ಇಳಿಯುತ್ತಾರೆ ಎಂದು ಕೇಳಿರಲಿಲ್ಲ. ಕೇಳುವ ಮಾತೇ ಅದು ಎಂದು ಅವಳಿಗೆ ಹೊಳೆದಿರಲಿಲ್ಲ.

ಸಂಜೆ ಹನ್ನೊಂದು ಖುರ್ಚಿ ತುಂಬಿದವು. ಹನ್ನೆರಡನೆಯವಳಿಗೆ ಬಿಸಿಲು ಬಡಿದು ವಾಂತಿಯಾಗುತ್ತಿದೆ ಎಂದು ಹೇಳಿಕಳಿಸಿದರು. ಸ್ತ್ರೀ ಸಂಘದ ಕಾರ್ಯದರ್ಶಿ ಭುವನೇಶ್ವರಿ ಯಾರನ್ನು ಕೂಡಿಸಬೇಕೆಂದು ಬಾಗಿಲ ಕಡೆ ನೋಡುತ್ತಿದ್ದಳು. ಸಂಘದ ಹುಡುಗಿ ಪ್ರೀತಿ ವಿಡಿಯೋ ತೆಗೆಯಲು ಫೋನು ಎತ್ತಿ ನಿಂತಿದ್ದಳು. ಬೋಗುಣಿಗೆ ಫಿಲ್ಟರ್ ನೀರಿನ ಕ್ಯಾನಿನಿಂದ ನೀರು ಸುರಿದು, ಗುಲಾಬಿಯ ಎಸಳು ಬಿಟ್ಟಿದ್ದರು. ದೇವಿಕಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೊಸ ಬಿಳಿ ಟವೆಲನ್ನು ಹೆಗಲಿಗೆ ಹಾಕಿ ಮೊಣಕಾಲೂರಿದ್ದಳು. ಮೊದಲ ಹೆಂಗಸಿನ ಕಾಲು ಕೈಗೆ ತೆಗೆದುಕೊಂಡಾಗ ಸಾಬೂನಿನ ವಾಸನೆ ಗಮ್ಮೆಂದಿತು. ಮುಂಜಾನೆ ಅಷ್ಟು ಹೇಳಿದ್ದರೂ ಎಲ್ಲರೂ ತೊಳೆದುಕೊಂಡೇ ಬಂದಿದ್ದರು. ಅವಳಿಗೆ ಒಳಗೊಳಗೆ ಹಾಯೆನಿಸಿತು.

ಆಗ ಬಾಗಿಲಲ್ಲಿ ಚಂದಮ್ಮ ಕಾಣಿಸಿದಳು.

ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಬಂದಿದ್ದಳು. ಮೊಣಕಾಲಿನ ತನಕ ಎತ್ತಿ ಕಟ್ಟಿದ್ದ ಸೀರೆಯನ್ನು ಈಗಷ್ಟೇ ಇಳಿಬಿಟ್ಟಿದ್ದು ಸುಕ್ಕಿನಿಂದ ತಿಳಿಯುತ್ತಿತ್ತು. ಪಾದಗಳು ಕಪ್ಪಗಿದ್ದವು, ಬೆರಳ ಸಂದಿಯಲ್ಲಿ ನಾಲಿಯ ರಾಡಿ ಇನ್ನೂ ಹಸಿಯಾಗಿತ್ತು. ಉಜ್ಜಿ ಉಜ್ಜಿ ಕನ್ನಡಿಯಾಗಿದ್ದ ಶಹಾಬಾದಿ ಹಾಸುಗಲ್ಲಿನ ಮೇಲೆ ಬಾಗಿಲಿನಿಂದ ಕಪ್ಪು ಹೆಜ್ಜೆಗಳು ಒಂದರ ಹಿಂದೊಂದು ಬಂದವು. ಖಾಲಿ ಖುರ್ಚಿ ಕಂಡಿತು. ತನಗೆಂದೇ ಬಿಟ್ಟಿದ್ದು ಎಂಬಂತೆ ಕೂತಳು. ತಂಗಿಯ ಕಡೆ ನೋಡಿ ನಕ್ಕಳು. ಹುಡುಗಿಯಾಗಿದ್ದಾಗ ತಂಗಿ ಓದುತ್ತಿದ್ದ ಹಾಸ್ಟೆಲಿಗೆ ಅವಳನ್ನು ನೋಡಲು ಬಂದು ಗೇಟಿನ ಹತ್ತಿರ ನಿಂತು ನಗುತ್ತಿದ್ದಳಲ್ಲ, ಅದೇ ನಗು: ನೋಡು, ಕರದಿ, ಬಂದೆ.

ಪಕ್ಕದ ಖುರ್ಚಿಯವಳು ಸೆರಗಿನಿಂದ ಮೂಗು ಮುಚ್ಚಿ ತನ್ನ ಖುರ್ಚಿಯನ್ನು ಆಚೆ ಎಳೆದುಕೊಂಡಳು. ಖುರ್ಚಿಯ ಕಾಲು ಕಲ್ಲಿಗೆ ಉಜ್ಜಿ ಕಿರ್ರೆಂದಿತು. ಅತಿಥಿ ಅಮ್ಮಾವರು ದೇವಿಕಾಳ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಯಾರಿವ್ರು?"

ದೇವಿಕಾ ಬಾಯಿ ತೆರೆದಳು. ಅಕ್ಕ ಎಂಬ ಮಾತು ಅವಳ ನಾಲಿಗೆಗೆ ದಿನಾ ಬರುವ ಮಾತು. ಐದು ತಾಲೂಕಿನ ಗುರುತಿಲ್ಲದ ಹೆಂಗಸರಿಗೆ ಹೇಳಿ ಹೇಳಿ ಸವೆದ ಮಾತು. ಈಗ ಬರಲಿಲ್ಲ.

"ಯಾರೋ ನಾಲಿ ಕೆಲಸದವರು, ಅಮ್ಮಾ" ಎಂದಳು. ಆಮೇಲೆ ಖುರ್ಚಿಯ ಕಡೆ ತಿರುಗಿ, ಶಾಲೆಯಲ್ಲಿ ಪಾಲಕರ ಜೊತೆ ಮಾತಾಡುವ ದನಿಯಲ್ಲಿ, "ಹೊರಗ ನಳ ಅದ್ರಿ. ಕಾಲು ತೊಳಕೊಂಡು ಬರ್ರಿ, ಅಮ್ಮಾ" ಎಂದಳು.

ಚಂದಮ್ಮನ ನಗು ತಟ್ಟನೆ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒಂದಿಷ್ಟು ಹೊತ್ತು ಮುಖದ ಮೇಲೇ ಉಳಿಯಿತು. ಆಮೇಲೆ ಎದ್ದಳು.

"ಆಯ್ತ್ರಿ ಟೀಚರಮ್ಮಾ" ಎಂದಳು. "ತೊಳಕೊಂಡು ಬರ್ತೀನ್ರಿ."

ಆ "ರಿ" ದೇವಿಕಾಳ ಕಿವಿಯಲ್ಲಿ ಕೂತುಬಿಟ್ಟಿತು. ಹುಟ್ಟಿದಾಗಿನಿಂದ ಅಕ್ಕ ಅವಳಿಗೆ "ರಿ" ಹಚ್ಚಿರಲಿಲ್ಲ.

ಚಂದಮ್ಮ ಬಂದ ಹೆಜ್ಜೆಗಳ ಮೇಲೆಯೇ ಕಾಲಿಡುತ್ತ ಹೊರಗೆ ಹೋದಳು, ಹೊಸ ಕಲೆ ಬೀಳಬಾರದು ಎಂಬಂತೆ. ತಿರುಗಿ ಬರಲಿಲ್ಲ. ವಿಡಿಯೋದಲ್ಲಿ ಖಾಲಿ ಖುರ್ಚಿ ಚೆಂದ ಕಾಣುವುದಿಲ್ಲ ಎಂದು ಭುವನೇಶ್ವರಿ ತಾನೇ ಸೀರೆ ಅಂಚು ಎತ್ತಿ ಕೂತಳು. ದೇವಿಕಾ ಬೋಗುಣಿ ಸರಿಸುತ್ತ, ಕಪ್ಪು ಹೆಜ್ಜೆಗಳನ್ನು ತಪ್ಪಿಸುತ್ತ, ಎಲ್ಲರ ಕಾಲು ತೊಳೆದು ಒರೆಸಿದಳು. ನೀರು ತಿಳಿಯಾಗೇ ಇತ್ತು. ಗುಲಾಬಿಯ ಎಸಳು ಬಾಡಿರಲಿಲ್ಲ.

ಮನೆಗೆ ಬಂದಾಗ ಗಂಡ ರಮೇಶಕುಮಾರ ಗುಂಪಿನಲ್ಲಿ ಆ ವಿಡಿಯೋ ನೋಡುತ್ತಿದ್ದ. ಅವನು ಬ್ಯಾಂಕಿನವನು, ಚರ್ಚಿನ ಕಮಿಟಿಯಲ್ಲಿದ್ದವನು, ಕೆಟ್ಟವನಲ್ಲ. ವಿಡಿಯೋದಲ್ಲಿ ಚಂದಮ್ಮ ಇರಲಿಲ್ಲ. ಪ್ರೀತಿ ಆ ಭಾಗ ಕತ್ತರಿಸಿ ಹಿಂದೆ ಹಾಡು ಹಚ್ಚಿದ್ದಳು. ಕೆಳಗೆ ಆಮೆನ್ನುಗಳು ಸಾಲುಗಟ್ಟಿದ್ದವು.

"ಭುವನೇಶ್ವರಿ ಫೋನ್ ಮಾಡಿ ಹೇಳಿದ್ರು, ನಾಲಿ ಕೆಲಸದವರು ಯಾರೋ ಬಂದು ಕುಂತಿದ್ರಂತ" ಎಂದು ಅವನು ಹೆಂಡತಿಯ ಮುಖ ನೋಡದೆ ಅಂದ. "ಛಲೋ ನಿಭಾಯಿಸಿದಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಹೊಗಳಿದ. ಯಾರು ಬಂದಿದ್ದರೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಹೊಗಳಿದ. ಇಬ್ಬರೂ ಕೂಡಿ ಇಷ್ಟು ವರ್ಷ ಕಟ್ಟಿದ ಗೋಡೆಯಲ್ಲಿ ಇವತ್ತೊಂದು ಕಲ್ಲು ಸರಿಯಾಗಿ ಕೂತಿತು ಎಂಬಂತೆ. ದೇವಿಕಾ ಬಚ್ಚಲಿಗೆ ಹೋಗಿ ಕೈ ತೊಳೆದಳು. ಮತ್ತೆ ತೊಳೆದಳು. ಕೈಗೆ ಬೇರೆಯವರ ಸಾಬೂನಿನ ವಾಸನೆ ಅಂಟಿತ್ತು.

ಶುಕ್ರವಾರ ನಸುಕಿನಲ್ಲಿ ಕಿಟಕಿ ಹಾಕಿ ಫೋನು ಹಿಡಿದಳು. ಶಿಲುಬೆಯ ದಿನ. ಸಿದ್ಧಮಾಡಿಟ್ಟುಕೊಂಡಿದ್ದ ಮಾತು ಕ್ಷಮೆಯ ಮೇಲಿತ್ತು. "ಪ್ರೀತಿಯ ಅಕ್ಕ..." ಎಂದಳು. ಅಲ್ಲಿಗೇ ನಿಂತಿತು. ಅಳಿಸಿದಳು. ಮತ್ತೆ, "ಪ್ರೀತಿಯ ಅಕ್ಕ..." ದನಿ ಸರಿಯಾಗಿಯೇ ಇತ್ತು, ಇಂಪಾಗಿಯೇ ಇತ್ತು. ಅದೇ ಅವಳಿಗೆ ಹೇಸಿಗೆಯಾಯಿತು. ಯಾರನ್ನೂ ಅಕ್ಕ ಅನ್ನಬಲ್ಲ ದನಿ, ಒಬ್ಬಳನ್ನು ಬಿಟ್ಟು.

ನಿನ್ನೆಯ ಮಾತಿನ ಕೆಳಗೆ ಅಕ್ಕನ ಉತ್ತರ ಇನ್ನೂ ಇತ್ತು. ಒತ್ತಿದಳು. ನಾಯಿ ಬೊಗಳಿತು, ಗಾಡಿ ಗಡಗಡಿಸಿತು. "ಆಮೆನ್, ತಂಗಿ. ನಾ ಬರ್ತೀನಿ ಇವತ್ತ. ಹಂಗೇ ಬರ್ತೀನಿ ನೋಡು, ತೊಳಕೊಳ್ಳಂಗಿಲ್ಲ." ಕಡೆಗೊಂದು ನಗು. ನಿನ್ನೆ ಮುಂಜಾನೆ ದೇವಿಕಾ ಅದನ್ನು ಪೂರ್ತಿ ಕೇಳಿರಲಿಲ್ಲ. ಅಕ್ಕನ ಆಮೆನ್ನು ಬಂತೆಂದರೆ ಸಾಕು, ಮುಂದಿನದಕ್ಕೆ ಅವಳು ಕಿವಿಗೊಟ್ಟು ಎಷ್ಟು ದಿನವಾಗಿತ್ತೋ.

ಟವೆಲು ಚೀಲಕ್ಕೆ ಹಾಕಿಕೊಂಡಳು. ಒಂದು ದೊಡ್ಡ ಬಾಟಲಿಗೆ ನೀರು ತುಂಬಿದಳು. ಅಕ್ಕ ಎಲ್ಲಿರುತ್ತಾಳೆ ಎಂದು ಗೊತ್ತಿತ್ತು. ನಾಲಿಯಿಂದ ಎತ್ತಿದ ರಾಡಿಯನ್ನು ಒಂದು ದಿನ ದಂಡೆಯ ಮೇಲೆ ಒಣಗಲು ಬಿಟ್ಟು ಮರುದಿನ ಗಾಡಿಗೆ ತುಂಬುತ್ತಾರೆ. ಚರ್ಚಿನ ಗೋಡೆಗುಂಟ ಆ ಗುಡ್ಡೆಗಳು ಇದ್ದೇ ಇರುತ್ತವೆ.

ಚರ್ಚಿನ ಎದುರು ಮುಜೀಬನ ಚಹಾದಂಗಡಿ. ಅವನು ಒಲೆ ಹೊತ್ತಿಸಿ ಬೆಂಚು ಒರೆಸುತ್ತಿದ್ದ.

"ಮೇಡಂ, ಇಷ್ಟು ಲಗೂನ? ಇವತ್ತು ನಿಮ್ಮ ಪ್ರಾರ್ಥನಾ ಮಧ್ಯಾಹ್ನಕ್ಕಲ್ಲ?"

"ಹೌದು. ಇಲ್ಲಿ... ನಾಲಿ ಕೆಲಸದವರು ಬಂದಾರೇನು?"

"ಗೋಡಿ ಆ ಕಡಿ ಅದಾರ್ ನೋಡ್ರಿ." ಅವನು ಅರಿವೆ ಹಿಂಡುತ್ತ ಅಂದ: "ಮೇಡಂ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಚರ್ಚಿನ ನಳಕ್ಕ ನಾಕು ದಿನ ಆಯ್ತು ನೀರ ಬಂದಿಲ್ಲ. ನಿನ್ನಿ ಸಂಜಿ ಪಾಪ ಚಂದಮ್ಮಕ್ಕ ಆ ನಳ ತಿರುವಿ ತಿರುವಿ ನಿಂತಿದ್ಲು. ಭುಸ್ ಅಂತ ಗಾಳಿ ಬರ್ತದ, ನೀರ ಇಲ್ಲ. ಒಳಗ ನೋಡಿದ್ರ ಬೋಗುಣಿ ತುಂಬ ಕ್ಯಾನಿನ ನೀರು. ನಾ ಒಂದು ಜಗ್ ನೀರು ಕೊಟ್ಟೆ. ತೊಳಕೊಂಡ್ಲು. ಒಳಗ ಹೋಗ್ತಾಳಂತ ತಿಳದೆ. ಇಲ್ಲ, ಚಪ್ಲಿ ಹಾಕ್ಕೊಂಡು ಮನಿ ಹಾದಿ ಹಿಡದ್ಲು."

ದೇವಿಕಾ ಬಾಟಲಿಯ ಮುಚ್ಚಳ ಬಿಗಿಮಾಡಿ ಗೋಡೆಯ ಕಡೆ ನಡೆದಳು. ತನ್ನ ಅಕ್ಕನ ಕಾಲಿಗೆ ನೀರು ಕೊಟ್ಟವನು, ಯೇಸುವಿನ ಹೆಸರಿನಲ್ಲಿ ಯಾವ ಮಾತೂ ಆಡದ ಚಹಾದವನು.

ಗೋಡೆಯ ಆಚೆ ಚಂದಮ್ಮ ಸಲಿಕೆಯಿಂದ ರಾಡಿ ಬುಟ್ಟಿಗೆ ಎಳೆಯುತ್ತಿದ್ದಳು. ಕೈಗೆ ಏನೂ ಇರಲಿಲ್ಲ, ಕಾಲಿಗೂ. ಜೊತೆಗಾರ ದತ್ತು ಗಾಡಿಯ ಮೇಲೆ ನಿಂತು ಬುಟ್ಟಿ ತೆಗೆದುಕೊಳ್ಳುತ್ತಿದ್ದ. ಅವನೇ ಮೊದಲು ನೋಡಿದ.

"ಚಂದಮ್ಮಕ್ಕಾ, ಯಾರೋ ಮ್ಯಾಡಮ್ ಬಂದಾರ. ಮತ್ತ ಯಾವ ಸಾಹೇಬ್ರು ಬರೋರು ಅದಾರೋ ಏನೋ, ನಾಲಿ ದಂಡಿಗಿ ಪೌಡರ್ ಹಚ್ಚಾಕ ಹೇಳ್ತಾರ ನೋಡು."

ಚಂದಮ್ಮ ತಲೆ ಎತ್ತಿದಳು. ತಂಗಿಯನ್ನು ನೋಡಿದಳು, ಕೈಯಲ್ಲಿದ್ದ ಬಾಟಲಿ ನೋಡಿದಳು, ಚೀಲದಿಂದ ಇಣುಕುತ್ತಿದ್ದ ಬಿಳಿ ಟವೆಲು ನೋಡಿದಳು. ಎಲ್ಲವೂ ಒಂದೇ ಸಲಕ್ಕೆ ತಿಳಿಯಿತು ಅವಳಿಗೆ.

"ಏನ್ರಿ ಟೀಚರಮ್ಮಾ, ಪ್ರೀತಿಗಿ ಕರಕೊಂಡು ಬಂದಿಲ್ಲೇನ್ರಿ? ವಿಡಿಯೋ ಯಾರು ತೆಗೀಬೇಕು?"

"ಅಕ್ಕಾ..."

"ಯಾರ್ರಿ ಅಕ್ಕ? ಸೇಡಂದಾಕಿ ಅಕ್ಕ, ಚಿತ್ತಾಪುರದಾಕಿ ಅಕ್ಕ, ಚಿಮ್ಮನಚೋಡದಾಗ ಎಮ್ಮಿ ಕಾಯ್ವಾಕಿನೂ ಅಕ್ಕ. ನಾವು ನಾಲಿ ಕೆಲಸದವರ್ರಿ."

"ತಪ್ಪಾತು ಅಕ್ಕಾ." ದೇವಿಕಾ ಅಲ್ಲೇ ದಂಡೆಯ ಮೇಲೆ ಮೊಣಕಾಲೂರಲು ಬಾಗಿದಳು. "ಕಾಲು ಕೊಡು. ಇಲ್ಲೇ ತೊಳೀತೀನಿ, ಎಲ್ಲಾರ ಮುಂದ."

ಚಂದಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ದನಿ ಏರಲಿಲ್ಲ, ಸಲಿಕೆಯ ಹಿಡಿಯನ್ನು ಹಿಡಿದ ಕೈ ಬಿಗಿಯಾಯಿತು.

"ಏಳು. ಏಳು ಅಂದೆ. ನನ್ನ ಕಾಲು ತೊಳದು ನೀ ಹಗುರಾಗಿ ಮನಿಗಿ ಹೋಗಾಕ ಬಂದಿ. ನಾಳಿ ಮುಂಜಾನಿ ಅದನ್ನೇ ಹೇಳ್ತಿ: ಪ್ರೀತಿಯ ಅಕ್ಕ-ತಂಗಿಯರೇ, ನಾ ನಮ್ಮಕ್ಕನ ಕಾಲು ತೊಳದೆ. ಐದು ತಾಲೂಕಿನ ಮಂದಿ ಅಳತಾರ. ನಾ ಮತ್ತ ಈ ನಾಲಿಗೇ ಇಳೀಬೇಕು."

ಮುಜೀಬ ಅಂಗಡಿಯಿಂದ ಇಣುಕಿದ.

"ಗುತ್ತೇದಾರ ವರ್ಷಕ್ಕೊಮ್ಮಿ ನಮಗ ಬೂಟು, ಕೈಗವಸು ಹಾಕಿ ನಿಲ್ಲಸ್ತಾನ. ಮ್ಯಾಲಿನ ಸಾಹೇಬ್ರು ಬರ್ತಾರ, ಫೋಟೋ ಆಗ್ತದ. ಫೋಟೋ ಆದ ಮ್ಯಾಲ ಬೂಟು ಬಿಚ್ಚಿ ಇಸ್ಕೊಂತಾನ, ಬ್ಯಾರೆ ಊರಾಗ ಬ್ಯಾರೆ ಫೋಟೋ ಅದ ಅಂತ. ನಿಮ್ಮದೂ ಹಂಗೇ. ವರ್ಷಕ್ಕೊಮ್ಮಿ ಹನ್ನೆರಡು ಖುರ್ಚಿ. ಸೇವಾ ಮುಗೀತು, ಖುರ್ಚಿ ಒಳಗ. ಕಾಲು ತೊಳೆಯೋರು ಭಾಳ ಮಂದಿ ಅದಾರ ದೇವೀ. ಈ ಹೆಂಗಸು ಬರಿಗಾಲಿಲೆ ಯಾಕ ಇಳೀಬೇಕು ಅಂತ ಕೇಳಿದೋರು ಯಾರು ಅದಾರ? ನೀ ಮೆಂಬರಗ ಫೋನ್ ಮಾಡ್ದಿ. ನಾಲಿ ಬಳೀಬೇಕು ಅಂದಿ. ಬಳ್ಯೋರಿಗಿ ಬೂಟು ಕೊಡ್ರಿ ಅಂದಿ ಏನು?"

ದೇವಿಕಾ ಎದ್ದು ನಿಂತಳು. ಕೆಟ್ಟ ಮಾತಾಗಿದ್ದರೆ ಎದುರು ಹೇಳಬಹುದಿತ್ತು. ಇದು ಖರೆ ಮಾತು. ಮುಂಜಾನೆಯ ಮೇಲೆ ಮುಂಜಾನೆ ಬಡವರ ಮೇಲೆ, ನೀರಡಿಸಿದವರ ಮೇಲೆ, ಕಡೆಯವರ ಮೇಲೆ ಅವಳು ಮಾತಾಡಿದ್ದಳು. ಒಂದಾದರೂ ಮಾತು ಅಡುಗೆಮನೆಯ ಕಿಟಕಿ ದಾಟಿ ಒಂದು ಜೋಡಿ ಬೂಟಿನ ತನಕ ಹೋಗಿರಲಿಲ್ಲ. ಅವಳ ಧ್ಯಾನ ಮನೆಯಲ್ಲೇ ತೊಳೆದುಕೊಂಡು ಬಂದ ಕಾಲಿನಂತಿತ್ತು. ಹೊಳೆಯುತ್ತಿತ್ತು. ಎಲ್ಲೂ ನಡೆದಿರಲಿಲ್ಲ.

ಚೀಲದಲ್ಲಿ ಫೋನು ಗುಂಯ್ಗುಟ್ಟಿತು. ಸೇಡಂನಿಂದ ಯಾರೋ: ಅಕ್ಕಾವ್ರೇ, ಇವತ್ತಿನ ಮಾತು ಬಂದಿಲ್ಲ. ಮತ್ತೊಂದು: ಆರಾಮ ಅದೀರೇನು? ಅವಳ ಕೈ ತನ್ನಷ್ಟಕ್ಕೆ ಫೋನಿಗೆ ಹೋಯಿತು. ಈಗಲೇ, ಇಲ್ಲೇ ಹೇಳಿಬಿಡಬೇಕು. ಎಲ್ಲರೂ ಕೇಳಲಿ, ನಾ ಎಂಥವಳು ಅಂತ. ಗುಂಡಿ ಒತ್ತುವ ಮೊದಲೇ ಚಂದಮ್ಮನ ದನಿ ಬಂತು.

"ಇಡು ಅದನ್ನ ಒಳಗ. ನಿನ್ನ ನಾಚಿಕೀನೂ ಮಂದಿಗಿ ಹಂಚಬ್ಯಾಡ. ನಿನ್ನ ಹತ್ರೇ ಇರ್ಲಿ ಸ್ವಲ್ಪ ದಿನ."

ಫೋನು ಒಳಗೆ ಹೋಯಿತು. ಚಂದಮ್ಮ ಸಲಿಕೆ ಎತ್ತಿ ಕೆಲಸಕ್ಕೆ ಹಚ್ಚಿಕೊಂಡಳು, ತಂಗಿ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಬುಟ್ಟಿ ತುಂಬಿತು. ಅದನ್ನು ಗಾಡಿಯ ಎತ್ತರಕ್ಕೆ ಎತ್ತಲು ಇಬ್ಬರು ಬೇಕು. ದತ್ತು ಇಳಿಯಲು ಕಾಲು ಹೊರಹಾಕಿದ. ಅವನು ಇಳಿಯುವ ಮೊದಲೇ ದೇವಿಕಾ ಬಾಟಲಿ ನೆಲಕ್ಕಿಟ್ಟು, ಚಪ್ಪಲಿ ಬಿಟ್ಟು, ಬುಟ್ಟಿಯ ಒಂದು ಅಂಚು ಹಿಡಿದಳು. ರಾಡಿ ಬೆರಳಿಗೆ ತಣ್ಣಗೆ ತಾಗಿತು. ವಾಸನೆ ಗಂಟಲಿಗೆ ಬಂತು. ಮುಖ ಆಚೆ ತಿರುಗಿಸಿದಳು. ತನಗೆ ಹೇಸಿಗೆ ಬಂದದ್ದು ಅಕ್ಕನಿಗೆ ಕಂಡಿತು ಎಂದು ಗೊತ್ತಾಗಿ ಇನ್ನಷ್ಟು ಕುಗ್ಗಿದಳು.

ಚಂದಮ್ಮ ಬೇಡ ಅನ್ನಲಿಲ್ಲ. ಹಿಡಿ ಎಂದೂ ಅನ್ನಲಿಲ್ಲ. ಎತ್ತಿದಳು. ಬುಟ್ಟಿ ಮೇಲೇರಿತು, ಖಾಲಿಯಾಗಿ ಕೆಳಗೆ ಬಂತು, ಮತ್ತೆ ತುಂಬಿತು. ಬಿಸಿಲು ಗೋಡೆ ದಾಟಿತು. ಅಂಗಡಿಗಳ ಶಟರ್ ಏಳತೊಡಗಿದವು. ಶಾಲೆಯ ಹುಡುಗಿಯೊಬ್ಬಳ ತಾಯಿ ಹಾಲಿನ ಪಾಕೀಟು ಹಿಡಿದು ಹೋಗುತ್ತ ನಿಂತು ನೋಡಿ, ನಮಸ್ಕಾರ ಹೇಳಬೇಕೋ ಬೇಡವೋ ತಿಳಿಯದೆ ಹೋದಳು. ದೇವಿಕಾಳಿಗೆ ಸೆರಗು ತಲೆಯ ಮೇಲೆ ಎಳೆದುಕೊಳ್ಳಬೇಕೆನಿಸಿತು. ಕೈ ಹೊಲಸಾಗಿತ್ತು, ಎಳೆದುಕೊಳ್ಳಲಾಗಲಿಲ್ಲ.

ಅಷ್ಟರಲ್ಲಿ ಭುವನೇಶ್ವರಿಯ ಸ್ಕೂಟಿ ಬಂದು ಚರ್ಚಿನ ಗೇಟಿಗೆ ನಿಂತಿತು. ಮಧ್ಯಾಹ್ನದ ಪ್ರಾರ್ಥನೆಗೆ ಶಿಲುಬೆಗೆ ಹೊದಿಸುವ ಕಪ್ಪು ಬಟ್ಟೆ ಅವಳ ಕೈಯಲ್ಲಿತ್ತು. ನೋಡಿದಳು. ಆ ಬಟ್ಟೆಯನ್ನೇ ಮೂಗಿಗೆ ಹಿಡಿದುಕೊಂಡು ಎರಡು ಹೆಜ್ಜೆ ಬಂದಳು.

"ದೇವಿಕಾ ಮೇಡಂ! ಏನ್ರಿ ಇದು? ನೀವು ಯಾಕ... ಯಾರ್ರಿ ಇವ್ರು?"

ಅದೇ ಪ್ರಶ್ನೆ. ನಿನ್ನೆ ಗುಲಾಬಿಯ ಎಸಳಿನ ಮೇಲೆ ಬಂದಿತ್ತು, ಇವತ್ತು ರಾಡಿಯ ಮೇಲೆ ಬಂತು. ಚಂದಮ್ಮ ಸಲಿಕೆ ನಿಲ್ಲಿಸಿದಳು. ತಂಗಿಯ ಕಡೆ ನೋಡಲಿಲ್ಲ. ನಾಲಿಯ ನೀರು ನೋಡುತ್ತ ನಿಂತಳು, ಹಾಸ್ಟೆಲಿನ ಗೇಟಿನಲ್ಲಿ ಒಳಗೆ ಹೇಳಿಕಳಿಸಿ ಕಾಯುವವರ ಹಾಗೆ.

"ನಮ್ಮಕ್ಕ" ಎಂದಳು ದೇವಿಕಾ.

ಗಂಟಲೊಳಗೇ ಅಂದಳು. ಅರ್ಧ ಗಾಳಿಗೆ ಹೋಯಿತು. ನಿನ್ನೆಯ ನಳದಿಂದ ಬಂದ ಸದ್ದಿನ ಹಾಗಿತ್ತು.

"ಆಂ?" ಎಂದಳು ಭುವನೇಶ್ವರಿ.

"ಕೇಳಸಲಿಲ್ಲ ಆಕಿಗಿ" ಎಂದಳು ಚಂದಮ್ಮ, ನಾಲಿಯಿಂದ ಕಣ್ಣೆತ್ತದೆ. "ಫೋನಿನ್ಯಾಗ ಚಿಂಚೋಳಿ ತನಕ ಕೇಳಸ್ತಿ. ಇಲ್ಲೇನಾಯ್ತು ನಿನ್ನ ಗಂಟಲಿಗಿ?"

ದೇವಿಕಾ ಬೆನ್ನು ನೆಟ್ಟಗೆ ಮಾಡಿದಳು. ಮುಜೀಬ ಬೆಂಚು ಒರೆಸುವುದು ಬಿಟ್ಟು ನಿಂತಿದ್ದ.

"ನಮ್ಮಕ್ಕ!" ಎಂದಳು. ಇಂಪಿಲ್ಲದ, ಒಡೆದ ದನಿ. ಕಿಟಕಿ ಹಾಕಿದ ಅಡುಗೆಮನೆಯಲ್ಲಿ ಒಮ್ಮೆಯೂ ಹೊರಡದ ದನಿ. "ನಮ್ಮ ಅಕ್ಕ ಚಂದಮ್ಮ. ನಿನ್ನಿ ಆ ಖುರ್ಚ್ಯಾಗ ಕುಂತಾಕಿ. ನನಗ ಗೊತ್ತಿತ್ತು. ಗೊತ್ತಿದ್ದೇ ಹೊರಗ ಕಳಸ್ದೆ."

ಭುವನೇಶ್ವರಿ ಮೂಗಿನಿಂದ ಬಟ್ಟೆ ತೆಗೆದಳು. ಏನೋ ಹೇಳಲು ಹೋಗಿ, ಹೇಳದೆ, ಗೇಟಿನ ಚಿಲಕ ಹುಡುಕುತ್ತ ಒಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಈ ಮಾತು ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನ ತನಕ ನಡೆದಿರುತ್ತದೆ. ರಮೇಶಕುಮಾರನ ಕಿವಿಗೂ ಬಿದ್ದಿರುತ್ತದೆ. ಇವತ್ತು ಅವನು ಹೊಗಳಲಾರ.

ದೇವಿಕಾ ಅಕ್ಕನ ಕಡೆ ತಿರುಗಿದಳು. ಆಮೆನ್ ಅನ್ನುತ್ತಾಳೇನೋ ಎಂದು ಕಾದಳು. ಚಂದಮ್ಮ ಅನ್ನಲಿಲ್ಲ. ಸಲಿಕೆಯಿಂದ ಕಡೆಯ ಗುಡ್ಡೆ ಎಳೆದು ಬುಟ್ಟಿ ತುಂಬಿದಳು. ತನ್ನ ಕಡೆಯ ಅಂಚಿಗೆ ಅಂಟಿದ್ದ ಹಸಿ ರಾಡಿಯನ್ನು ಬೆರಳಿನಿಂದ ಗೀರಿ ತೆಗೆದಳು. ಸುತ್ತಿ ಬಂದು ತಂಗಿ ಹಿಡಿಯುವ ಕಡೆಯದನ್ನೂ ಗೀರಿ ತೆಗೆದಳು.

"ಸೊಂಟ ಬಗ್ಗಿಸಿ ಎತ್ತಬ್ಯಾಡ, ಹಿಡಕೊಂತದ" ಎಂದಳು. "ಮೊಣಕಾಲು ಮಡಚು. ನಿನ್ನಿ ಮಡಚಿದ್ದಿ ಅಲ್ಲ ಅಷ್ಟು ಚೆಂದ, ಹಂಗ."